ಅರಮನೆಯ ಮನೆಹಬ್ಬ, ನಮ್ಮ ಮನೆಯ ದಸರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಮಹಾಲಯ ಅಮಾವಾಸ್ಯೆ ಹತ್ತಿರ ಬಂದರೆ ಸಾಕು, ನಮ್ಮ ಮನೆಯ ಫೋನಿಗೆ ಬಿಡುವಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮೊದಲ ಸಲ ಬೊಂಬೆ ಕೂರಿಸುವ ಸೊಸೆ, ಹೊರದೇಶದಲ್ಲಿ ಹುಟ್ಟಿದ ಮೊಮ್ಮಕ್ಕಳು, ಮೈಸೂರಿಗೆ ಬಂದು ಇಳಿಯಲಿರುವ ನೆಂಟರು, ಎಲ್ಲರೂ ಅದದೇ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಕೇಳುತ್ತಾರೆ. ಹೇಳಿ ಹೇಳಿ ಬಾಯಿ ನೋವು ಬಂದಿದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ಒಂದೇ ಸಾಲು.

ದಸರಾ ಸರ್ಕಾರದ್ದಾ, ಅರಮನೆಯದಾ?

ಎರಡೂ ಇವೆ, ಒಂದೇ ಊರಿನಲ್ಲಿ, ಒಂದೇ ಹತ್ತು ದಿನ. ಚಾಮುಂಡಿ ಬೆಟ್ಟದಲ್ಲಿ ಅತಿಥಿಯೊಬ್ಬರು ಉದ್ಘಾಟನೆ ಮಾಡುವುದು (2025ರಲ್ಲಿ ಲೇಖಕಿ ಬಾನು ಮುಷ್ತಾಕ್ ಮಾಡಿದರು), ಯುವ ದಸರಾ, ವಸ್ತುಪ್ರದರ್ಶನ, ಜಂಬೂಸವಾರಿ, ಪಂಜಿನ ಕವಾಯತು ಇವೆಲ್ಲ ಸರ್ಕಾರ ನಡೆಸುವ ನಾಡಹಬ್ಬ. ಅದೇ ಹೊತ್ತಿಗೆ ಅಂಬಾವಿಲಾಸ ಅರಮನೆಯ ಒಳಗೆ ಒಡೆಯರ ಮನೆತನದವರು ತಮ್ಮ ಪಾಡಿಗೆ ನವರಾತ್ರಿ ಮಾಡುತ್ತಿರುತ್ತಾರೆ. ಎಣ್ಣೆಶಾಸ್ತ್ರ, ಕಂಕಣ, ಕಳಶ, ಸಿಂಹಾಸನ ಪೂಜೆ, ಖಾಸಗಿ ದರ್ಬಾರ್, ಸರಸ್ವತಿ ಪೂಜೆ, ಕಾಳರಾತ್ರಿ ಪೂಜೆ, ಆಯುಧಪೂಜೆ, ಬನ್ನಿಪೂಜೆ. ಟಿವಿಯಲ್ಲಿ ಕಾಣುವ ಆನೆ, ಸ್ತಬ್ಧಚಿತ್ರಗಳ ಹಿಂದೆ ಇರುವುದು ಒಂದು ಕುಟುಂಬದ ಮನೆದೇವರ ಹಬ್ಬ. ನಾವು ಮನೆಯಲ್ಲಿ ಮಾಡುವ ಎಷ್ಟೋ ಸಂಗತಿಗಳಿಗೆ ಮಾದರಿ ಮೆರವಣಿಗೆಯಲ್ಲಿಲ್ಲ, ಆ ಒಳಮನೆಯಲ್ಲಿದೆ.

ಇದು ಯಾವಾಗ, ಯಾರಿಂದ ಶುರುವಾಯಿತು?

1610ರಲ್ಲಿ, ಮೈಸೂರಿನಲ್ಲಲ್ಲ, ಶ್ರೀರಂಗಪಟ್ಟಣದಲ್ಲಿ, ರಾಜ ಒಡೆಯರಿಂದ. ಅದಕ್ಕೂ ಮುಂಚೆ ಮಹಾನವಮಿ ವಿಜಯನಗರದ ಅರಸರ ಹಬ್ಬವಾಗಿತ್ತು. ಹಂಪಿಯ ಮಹಾನವಮಿ ದಿಬ್ಬ ಈಗಲೂ ನಿಂತಿದೆ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಯಸ್ ಇಬ್ಬರೂ ಆ ವೈಭವಕ್ಕೆ ಬೆರಗಾಗಿ ಬರೆದಿಟ್ಟಿದ್ದಾರೆ. 1565ರ ಯುದ್ಧದ ನಂತರ ಹಂಪಿ ಹಾಳಾಯಿತು. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯಿಂದ 1610ರಲ್ಲಿ ಪಟ್ಟಣವನ್ನು ವಶಕ್ಕೆ ಪಡೆದ ರಾಜ ಒಡೆಯರು ಆ ವರ್ಷವೇ ನವರಾತ್ರಿ ಆಚರಿಸಲು ನಿಶ್ಚಯಿಸಿದರು. ಸಿಂಹಾಸನದ ಹಕ್ಕನ್ನು ಜಗತ್ತಿಗೆ ಸಾರುವುದಕ್ಕೆ ಮಹಾನವಮಿಗಿಂತ ಒಳ್ಳೆಯ ದಾರಿ ಇರಲಿಲ್ಲ.

ಇಲ್ಲಿಯವರೆಗೆ ರಾಜಕಾರಣ. ಮುಂದಿನದು ಮನೆಯ ಕಥೆ. ಹಬ್ಬಕ್ಕೆ ಎಲ್ಲ ಸಿದ್ಧವಾಗಿದೆ. ನವರಾತ್ರಿಯ ಹಿಂದಿನ ದಿನ ರಾಜ ಒಡೆಯರ ಮಗ ಯುವರಾಜ ನರಸರಾಜ ತೀರಿಕೊಂಡರು. ಮನೆಯಲ್ಲಿ ಮಗನ ಹೆಣ, ಮಾರನೆಯ ದಿನ ಪಾಡ್ಯ. ಸಾಮಾನ್ಯರ ಮನೆಯಾಗಿದ್ದರೆ ಮಾತೇ ಇಲ್ಲ, ಆ ವರ್ಷ ಹಬ್ಬವಿಲ್ಲ. ರಾಜ ಒಡೆಯರು ವಿದ್ವಾಂಸರನ್ನು ಕೇಳಿ, ಉತ್ತರಕ್ರಿಯೆ ಮುಗಿಸಿ, ಹಬ್ಬ ನಡೆಸಿಯೇ ಬಿಟ್ಟರು. ಅರಸುಮನೆಯಲ್ಲಿ ಸಾವಾದರೂ ನವರಾತ್ರಿ ನಿಲ್ಲಬಾರದು ಎಂಬ ಕಟ್ಟಳೆಯನ್ನೂ ಮಾಡಿದರೆಂದು ಅರಮನೆಯ ಚರಿತ್ರೆ ಹೇಳುತ್ತದೆ.

ನನಗೆ ದಸರಾ ಎಂದರೆ ಮೊದಲು ನೆನಪಾಗುವುದು ಅಂಬಾರಿಯಲ್ಲ, ಆ ತಂದೆ. 1617ರಲ್ಲಿ ಅವರು ತೀರಿಕೊಂಡಾಗ ಪಟ್ಟಕ್ಕೆ ಬಂದದ್ದು ಅದೇ ನರಸರಾಜರ ಮಗ, ಮೊಮ್ಮಗ ಚಾಮರಾಜ ಒಡೆಯರು.

ಸೂತಕದಲ್ಲಿ ಹಬ್ಬ ಮಾಡಬಹುದಾ? ನಮ್ಮ ಮನೆಗೂ ಅದು ಅನ್ವಯವಾಗುತ್ತಾ?

ಈ ಪ್ರಶ್ನೆ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ, ಕೇಳುವಾಗ ದನಿ ಸಣ್ಣದಾಗಿರುತ್ತದೆ. ಪುರೋಹಿತರು ಹೇಳುವ ಒಂದು ಹಳೆಯ ಮಾತಿದೆ: 'ಆರಬ್ಧೇ ಸೂತಕಂ ನ ಸ್ಯಾತ್'. ಸಂಕಲ್ಪ ಮಾಡಿ ವ್ರತ ಶುರುವಾಗಿಬಿಟ್ಟರೆ ನಡುವೆ ಬಂದ ಸೂತಕ ತಾಗುವುದಿಲ್ಲ, ಶುರುವಾಗದಿದ್ದರೆ ತಾಗುತ್ತದೆ. ಕಂಕಣ ಕಟ್ಟುವುದಕ್ಕೆ ಅಷ್ಟು ಮಹತ್ವ ಇರುವುದು ಇದಕ್ಕೇ. ಮದುವೆಯಲ್ಲೂ ಅಷ್ಟೆ, ಕಂಕಣ ಕಟ್ಟಿದ ಮೇಲೆ ಮದುಮಗ ಯಾವ ಸಾವಿನ ಮನೆಗೂ ಹೋಗುವುದಿಲ್ಲ.

ಈ ಲೆಕ್ಕದಲ್ಲಿ ನೋಡಿದರೆ 1610ರ ನಿರ್ಧಾರ ಎಷ್ಟು ಗಟ್ಟಿಯದೆಂದು ತಿಳಿಯುತ್ತದೆ. ಮಗ ಸತ್ತದ್ದು ಹಿಂದಿನ ದಿನ, ಅಂದರೆ ಕಂಕಣಕ್ಕೂ ಮುಂಚೆ. ಸಂಕಲ್ಪ ಆಗಿತ್ತು ಎಂಬ ನೆಪವೂ ರಾಜ ಒಡೆಯರಿಗೆ ಇರಲಿಲ್ಲ.

ಹಾಗಂತ ಆ ಕಟ್ಟಳೆ ಕಲ್ಲಿನ ಮೇಲೆ ಕೊರೆದದ್ದೂ ಅಲ್ಲ. 2018ರ ವಿಜಯದಶಮಿಯ ದಿನವೇ, ಹಿಂದಿನ ಒಡೆಯರಾದ ಶ್ರೀಕಂಠದತ್ತರ ಪತ್ನಿ ಪ್ರಮೋದಾದೇವಿ ಒಡೆಯರ್ ಅವರ ತಾಯಿ ತೀರಿಕೊಂಡರು. ಅದೇ ದಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ ಮಗಳು ವಿಶಾಲಾಕ್ಷಿದೇವಿ ಕೂಡ ಹೋದರು. ಅರಮನೆಯ ಒಳಗಿನ ಆ ದಿನದ ವಿಧಿಗಳು ನಿಂತವು. ಹೊರಗೆ ಜಂಬೂಸವಾರಿ ನಡೆಯಿತು. ಒಳಗಿನ ಹಬ್ಬ ಬೇರೆ, ಹೊರಗಿನದು ಬೇರೆ ಎಂದು ಅವತ್ತು ಊರಿಗೆಲ್ಲ ಕಣ್ಣಾರೆ ಕಂಡಿತು. ಆರು ವರ್ಷ ಬಿಟ್ಟು, 2024ರ ಅಕ್ಟೋಬರ್ 11ರಂದು, ಆಯುಧಪೂಜೆಯ ಗಡಿಬಿಡಿಯ ನಡುವೆ ಈಗಿನ ಒಡೆಯರು ಯದುವೀರ್ ಮತ್ತು ಅವರ ಪತ್ನಿ ತ್ರಿಷಿಕಾ ಅವರಿಗೆ ಎರಡನೇ ಗಂಡು ಮಗು ಹುಟ್ಟಿತು.

ನಿಮ್ಮ ಮನೆಯ ವಿಷಯಕ್ಕೆ ಬಂದರೆ, ಮನೆಯ ಹಿರಿಯರು ಹೇಳಿದಂತೆ ಮಾಡಿ. ಆ ವರ್ಷ ಬೊಂಬೆ ಕೂರಿಸಲು ಮನಸ್ಸಿಲ್ಲವಾದರೆ ಪಟ್ಟದ ಗೊಂಬೆ ಎರಡನ್ನು (ರಾಜ, ರಾಣಿ) ಮಾತ್ರ ದೇವರ ಮುಂದೆ ಇಟ್ಟು ದೀಪ ಹಚ್ಚುವವರಿದ್ದಾರೆ. ನಮ್ಮಲ್ಲೂ ಒಂದು ವರ್ಷ ಹಾಗೇ ಮಾಡಿದೆವು.

ಅಲಮೇಲಮ್ಮನ ಶಾಪ ನಿಜವೇ?

'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ.' ಹಳೆ ಮೈಸೂರಿನ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬಾಯಿಪಾಠವಾಗುವ ಸಾಲು ಇದು. ಕಥೆ ಹೀಗಿದೆ: ಶ್ರೀರಂಗಪಟ್ಟಣ ಬಿಟ್ಟು ಹೋದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮನ ಬಳಿ ಒಡವೆಗಳಿದ್ದವು. ಮಂಗಳವಾರ, ಶುಕ್ರವಾರ ಶ್ರೀರಂಗನಾಯಕಿ ಅಮ್ಮನವರಿಗೆ ಅವನ್ನು ತೊಡಿಸುವ ರೂಢಿ ಇತ್ತು. ಒಡವೆ ದೇವಸ್ಥಾನಕ್ಕೆ ಸೇರಬೇಕೆಂದು ರಾಜ ಒಡೆಯರ ಕಡೆಯವರು ಬಂದಾಗ ಆಕೆ ಮಾಲಂಗಿಯ ಬಳಿ ಶಾಪ ಹಾಕಿ ಕಾವೇರಿಗೆ ಹಾರಿದಳು.

ನಿಜವೇ ಎಂದು ಕೇಳಿದರೆ, ಕಥೆ ನಿಜ, ಲೆಕ್ಕ ಅಷ್ಟು ಸರಿಯಿಲ್ಲ. ಚಿಕ್ಕದೇವರಾಜ ಒಡೆಯರ ನಂತರ 1704ರಲ್ಲಿ ಅವರ ಮಗ ಕಂಠೀರವ ನರಸರಾಜರು ಪಟ್ಟಕ್ಕೆ ಬಂದರು, 1714ರಲ್ಲಿ ಆತನ ಮಗ ಒಂದನೇ ಕೃಷ್ಣರಾಜರು. ಅಂದರೆ ಅಪ್ಪ, ಮಗ, ಮೊಮ್ಮಗ ಸಾಲಾಗಿ ಆಳಿದ್ದಾರೆ. ಹತ್ತನೇ ಚಾಮರಾಜೇಂದ್ರರಿಗೆ ನಾಲ್ವಡಿ ಕೃಷ್ಣರಾಜರು ಮಗ. ಜಯಚಾಮರಾಜರಿಗೆ 1953ರಲ್ಲಿ ಶ್ರೀಕಂಠದತ್ತ ಹುಟ್ಟಿದರು. ಆದರೆ ಮುಮ್ಮಡಿ ಕೃಷ್ಣರಾಜರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡದ್ದು, ನಾಲ್ವಡಿಯವರಿಗೆ ಮಕ್ಕಳಿಲ್ಲದೆ 1940ರಲ್ಲಿ ತಮ್ಮನ ಮಗ ಜಯಚಾಮರಾಜರು ಬಂದದ್ದು, ಶ್ರೀಕಂಠದತ್ತರು 2013ರ ಡಿಸೆಂಬರ್ 10ರಂದು ಮಕ್ಕಳಿಲ್ಲದೆ ತೀರಿಕೊಂಡದ್ದು, ಇವನ್ನೆಲ್ಲ ಪಕ್ಕಪಕ್ಕ ಇಟ್ಟಾಗ ಜನ ಸುಮ್ಮನಿರುತ್ತಾರೆಯೇ? ಒಂದು ಬಿಟ್ಟು ಒಂದು ತಲೆಮಾರು ಅಂದುಕೊಂಡರು. ತಲಕಾಡಿನ ಮರಳಿಗೂ ಕಾವೇರಿಯ ಹರಿವು ಬದಲಾದದ್ದು, ಗಾಳಿ ಹೊತ್ತು ತಂದದ್ದು ಎಂಬ ವಿವರಣೆಯಿದೆ. ಕೇಳಿ ತಲೆಯಾಡಿಸಿದವರು ಮತ್ತೆ ಶಾಪದ ಕಥೆಯನ್ನೇ ಹೇಳುತ್ತಾರೆ, ನಾನೂ ಅವರಲ್ಲೊಬ್ಬ.

ನನಗೆ ಶಾಪಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ಶಪಿಸಿದವಳನ್ನು ಆ ಮನೆತನ ಮರೆಯಲಿಲ್ಲ. ಅರಮನೆಯೊಳಗೆ ಅಲಮೇಲಮ್ಮನ ಮೂರ್ತಿ ಇದೆ, ನವರಾತ್ರಿಯಲ್ಲಿ ಆಕೆಗೂ ಪೂಜೆ ಸಲ್ಲುತ್ತದೆ. ಮನೆಯ ಮೇಲೆ ಮುನಿಸಿಕೊಂಡು ಹೋದ ಹೆಣ್ಣನ್ನು ಹಬ್ಬದ ದಿನ ಮಡಿಲು ತುಂಬಿ ನೆನೆಯುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ.

ಹಾಗಾದರೆ ಈಗಿನವರು ಯಾರ ಮಕ್ಕಳು?

ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಅವರು ಜಯಚಾಮರಾಜರ ಹಿರಿಯ ಮಗಳು ಗಾಯತ್ರಿದೇವಿಯವರ ಮೊಮ್ಮಗ. ಪ್ರಮೋದಾದೇವಿಯವರು 2015ರ ಫೆಬ್ರವರಿಯಲ್ಲಿ ದತ್ತು ಪಡೆದರು, ಮೇ 28ರಂದು ಪಟ್ಟಾಭಿಷೇಕ. 2016ರ ಜೂನ್‌ನಲ್ಲಿ ಡುಂಗರಪುರದ ತ್ರಿಷಿಕಾ ಕುಮಾರಿ ಅವರೊಂದಿಗೆ ಮದುವೆ, 2017ರ ಡಿಸೆಂಬರ್ 6ರಂದು ಆದ್ಯವೀರ್ ಹುಟ್ಟಿದ. ಅವತ್ತು ಊರಿನ ಹೋಟೆಲುಗಳಲ್ಲಿ ಕಾಫಿಗಿಂತ ಬಿಸಿಯಾಗಿ ಹರಿದಾಡಿದ ಮಾತು ಒಂದೇ: ಶಾಪ ಕಳೆಯಿತು.

2014ರಲ್ಲಿ ಸಿಂಹಾಸನದ ಮೇಲೆ ಯಾರು ಕೂತಿದ್ದರು?

ಯಾರೂ ಇಲ್ಲ. ಶ್ರೀಕಂಠದತ್ತರು ತೀರಿಕೊಂಡಿದ್ದರು, ದತ್ತು ಇನ್ನೂ ಆಗಿರಲಿಲ್ಲ. ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿಟ್ಟು ಪೂಜೆ ಮಾಡಿದರು. ಖಾಲಿ ಸಿಂಹಾಸನ ಇರಬಾರದು, ಹಬ್ಬವೂ ತಪ್ಪಬಾರದು. ಮೊದಲನೇ ವರ್ಷದ ಕಟ್ಟಳೆಯ ನೆರಳು 404 ವರ್ಷ ಬಿಟ್ಟು ಹೀಗೆ ಬಿತ್ತು.

ಸಿಂಹಾಸನ ಜೋಡಣೆ ಅಂದರೇನು? ಅದು ಯಾವಾಗಲೂ ಅಲ್ಲೇ ಇರುವುದಿಲ್ಲವಾ?

ಇಲ್ಲ. ರತ್ನಖಚಿತ ಚಿನ್ನದ ಸಿಂಹಾಸನ ಬಿಡಿಬಿಡಿಯಾಗಿ ಅರಮನೆಯ ಭದ್ರತಾ ಕೊಠಡಿಯಲ್ಲಿರುತ್ತದೆ. ನವರಾತ್ರಿಗೆ ಕೆಲವು ದಿನ ಮುಂಚೆ ಹೋಮ ಹವನ ಮಾಡಿ ದರ್ಬಾರ್ ಹಾಲಿನಲ್ಲಿ ಜೋಡಿಸುತ್ತಾರೆ. ಸಿಂಹದ ತಲೆಯನ್ನು ಮಾತ್ರ ಪಾಡ್ಯದ ದಿನ ಶುಭ ಮುಹೂರ್ತದಲ್ಲಿ ಕೂಡಿಸುವುದು. ಹಬ್ಬ ಮುಗಿದ ಮೇಲೆ ಮತ್ತೆ ಬಿಡಿಸಿ ಒಳಗಿಡುತ್ತಾರೆ. ಪಾಂಡವರದ್ದು, ಪೆನುಗೊಂಡೆಯಲ್ಲಿ ಹೂತಿತ್ತು, ಹರಿಹರನಿಗೆ ಸಿಕ್ಕಿತು, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಬಂತು ಎಂಬುದು ಐತಿಹ್ಯ.

ಬೊಂಬೆಯ ಮೆಟ್ಟಿಲುಗಳನ್ನು ಅಟ್ಟದಿಂದ ಇಳಿಸಿ, ಜೋಡಿಸಿ, ಹತ್ತು ದಿನ ಬಿಟ್ಟು ಮತ್ತೆ ಅಟ್ಟಕ್ಕೇರಿಸುವಾಗ ನನಗೆ ಪ್ರತಿ ಸಲ ಇದೇ ನೆನಪಾಗುತ್ತದೆ. ನಮ್ಮ ಸಿಂಹಾಸನ ಹಳೆಯ ಟ್ರಂಕು, ಹಾಲಿನ ಕ್ರೇಟು, ಅಮ್ಮನ ಬಿಳಿ ಪಂಚೆ.

ಖಾಸಗಿ ದರ್ಬಾರಿನಲ್ಲಿ ಏನು ನಡೆಯುತ್ತದೆ?

ಪಟ್ಟದ ಆನೆ, ಕುದುರೆ, ಹಸು ಸವಾರಿ ತೊಟ್ಟಿಗೆ ಬರುತ್ತವೆ, ಅವಕ್ಕೆ ಪೂಜೆ. ಹೊಗಳುಭಟರ ಬಹುಪರಾಕ್ ಕೂಗಿನ ನಡುವೆ ಒಡೆಯರು ಸಿಂಹಾಸನಕ್ಕೆ ನಮಿಸಿ ಏರುತ್ತಾರೆ. 'ಕಾಯೌ ಶ್ರೀಗೌರಿ' ನುಡಿಸುತ್ತಾರೆ, ಅದು ಚಾಮರಾಜೇಂದ್ರರ ಕಾಲದಲ್ಲಿ ಬಸವಪ್ಪ ಶಾಸ್ತ್ರಿಗಳು ಬರೆದ ಮೈಸೂರು ಸಂಸ್ಥಾನ ಗೀತೆ. ದೇವಸ್ಥಾನಗಳ ಪ್ರಸಾದ ಬರುತ್ತದೆ. ಐರೋಪ್ಯರೂ ಸೇರುವ ದರ್ಬಾರನ್ನು ದಸರೆಯಲ್ಲಿ ಶುರು ಮಾಡಿದ್ದು 1805ರಲ್ಲಿ ಮುಮ್ಮಡಿ ಕೃಷ್ಣರಾಜರ ಕಾಲದಲ್ಲಿ. ಆಗ ಅವರಿಗೆ ಹನ್ನೊಂದು ವರ್ಷ. ಹಿರಿಯರೆಲ್ಲ ನಿಂತಿರುವಾಗ ಸಿಂಹಾಸನದ ಮೇಲೆ ಕಾಲು ನೆಲಕ್ಕೆ ತಾಗದ ಹುಡುಗ. ಟಿಪ್ಪು ಮಡಿದ ಮೇಲೆ 1799ರ ಜೂನ್ 30ರಂದು ಐದು ವರ್ಷದ ಮಗುವಾಗಿದ್ದಾಗಲೇ ಆತನಿಗೆ ಪಟ್ಟವಾಗಿತ್ತು. ಪಟ್ಟವನ್ನು ಮನೆತನಕ್ಕೆ ಮರಳಿ ತರಲು ವರ್ಷಗಟ್ಟಲೆ ಹೆಣಗಿದವರು ರಾಣಿ ಲಕ್ಷ್ಮಮ್ಮಣ್ಣಿ, ಇಮ್ಮಡಿ ಕೃಷ್ಣರಾಜರ ವಿಧವೆ.

ಅರಮನೆಯ ಹೆಣ್ಣುಮಕ್ಕಳ ಪಾತ್ರ ಏನು? ಫೋಟೋಗಳಲ್ಲಿ ಅವರು ಕಾಣುವುದೇ ಇಲ್ಲ.

ಕಾಣುವುದಿಲ್ಲ, ಆದರೆ ಹಬ್ಬ ನಿಂತಿರುವುದು ಅವರ ಮೇಲೆ. ಒಡೆಯರಿಗೆ ಕಂಕಣ ಕಟ್ಟಿದ ದಿನ ಪತ್ನಿಯೂ ಕಂಕಣ ಕಟ್ಟಿಕೊಳ್ಳುತ್ತಾರೆ, ಪಾದಪೂಜೆ ಮಾಡುತ್ತಾರೆ. ಈ ಪಾದಪೂಜೆಯ ಬಗ್ಗೆ ನನ್ನ ಮಗಳು ಪ್ರತಿ ವರ್ಷ ಮುಖ ಸಿಂಡರಿಸುತ್ತಾಳೆ. ಅವಳಿಗೆ ನಾನು ಇನ್ನೊಂದು ಸಂಗತಿ ಹೇಳುತ್ತೇನೆ.

1894ರ ಡಿಸೆಂಬರ್‌ನಲ್ಲಿ ಚಾಮರಾಜೇಂದ್ರರು ಕಲ್ಕತ್ತೆಯಲ್ಲಿ ಗಂಟಲು ಮಾರಿಯಿಂದ ಹಠಾತ್ತನೆ ತೀರಿಕೊಂಡರು. ಮಗ ನಾಲ್ವಡಿಗೆ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿ, ಜನ ಕರೆಯುವುದು ವಾಣಿವಿಲಾಸ ಸನ್ನಿಧಾನ ಎಂದು, 1895ರಿಂದ 1902ರವರೆಗೆ ರಾಜ್ಯವಾಳಿದರು. ನಡುವೆ 1897ರಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯ ಮದುವೆ ನಡೆಯುವಾಗಲೇ ಮರದ ಅರಮನೆ ಹೊತ್ತಿ ಉರಿಯಿತು. ಗಂಡ ಇಲ್ಲ, ಮಗ ಚಿಕ್ಕವನು, ಮಗಳ ಮದುವೆಯ ಚಪ್ಪರದ ಹೊತ್ತಿಗೆ ಮನೆ ಬೂದಿ. ಆಕೆ ಹೊಸ ಅರಮನೆಗೆ ಹೆನ್ರಿ ಇರ್ವಿನ್‌ನನ್ನು ಕರೆಸಿದರು. 1912ರಲ್ಲಿ ಅದು ಮುಗಿದಾಗ ಖರ್ಚು 41,47,913 ರೂಪಾಯಿ. ನಾವು ಇವತ್ತು ಬಾಯಿ ತೆರೆದು ನೋಡುವ ದೀಪಾಲಂಕಾರ ಮೂಡುವುದು ಆ ವಿಧವೆ ತಾಯಿ ಕಟ್ಟಿಸಲು ಶುರು ಮಾಡಿದ ಗೋಡೆಗಳ ಮೇಲೆ.

ಬೊಂಬೆ ಕೂರಿಸುವುದು ಅರಮನೆಯಿಂದ ಬಂದದ್ದಾ?

ಪೂರ್ತಿ ಅಲ್ಲ. ತಮಿಳರು ಕೊಲು ಇಡುತ್ತಾರೆ, ತೆಲುಗರು ಬೊಮ್ಮಲ ಕೊಲುವು. ದಕ್ಷಿಣದ ಎಷ್ಟೋ ಮನೆಗಳಲ್ಲಿ ಒಡೆಯರ ಹೆಸರು ಕೇಳದವರೂ ಬೊಂಬೆ ಕೂರಿಸುತ್ತಾರೆ. ಆದ್ದರಿಂದ 'ಇದು ನಮ್ಮ ಮಹಾರಾಜರು ಕೊಟ್ಟದ್ದು' ಎಂದು ಎದೆ ತಟ್ಟಿಕೊಳ್ಳುವ ಮೊದಲು ಪಕ್ಕದ ಮನೆಯ ಅಯ್ಯಂಗಾರ್ ಮಾಮಿಯನ್ನು ಒಮ್ಮೆ ಕೇಳಿ.

ಆದರೆ ಹಳೆ ಮೈಸೂರಿನ ಬೊಂಬೆ ಸಾಲಿಗೆ ಅರಮನೆಯ ಗುರುತು ಒತ್ತಿದೆ. ಎಲ್ಲಕ್ಕಿಂತ ಮೇಲೆ, ನಟ್ಟನಡುವೆ ಕೂರುವುದು ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. ಮರದವು, ಹಳೆಯವು ರಕ್ತಚಂದನದ್ದು. ಅವಕ್ಕೆ ಪ್ರತಿ ವರ್ಷ ಹೊಸ ಬಟ್ಟೆ: ರಾಜನಿಗೆ ಜರಿ ಪೇಟ, ರಾಣಿಗೆ ತುಂಡು ರೇಷ್ಮೆಯ ಸೀರೆ, ಕೊರಳಿಗೆ ಮುತ್ತಿನ ಸರ. ಕೆಳಗಿನ ಮೆಟ್ಟಿಲುಗಳಲ್ಲಿ ದಶಾವತಾರ, ಮದುವೆ ದಿಬ್ಬಣ, ಶೆಟ್ಟರ ಅಂಗಡಿ, ಮುಂದೆ ರಾಗಿ ಪೈರು ಮೊಳೆಸಿದ ಪಾರ್ಕು. ಒಂದು ಕಡೆ ಜಂಬೂಸವಾರಿಯ ಸೆಟ್ಟು ಇರಲೇಬೇಕು: ಆನೆ, ಅಂಬಾರಿ, ಕುದುರೆ ಸವಾರರು, ಬ್ಯಾಂಡು. ಒಟ್ಟು ನೋಡಿದರೆ ಅದು ಪುಟ್ಟ ದರ್ಬಾರೇ. ಅರಸ ಮೇಲೆ, ಪ್ರಜೆಗಳು ಕೆಳಗೆ, ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ನಮ್ಮನ್ನು ನೋಡುತ್ತಿರುತ್ತಾರೆ.

ಅರಮನೆಯಲ್ಲೂ ಬೊಂಬೆಗಳಿಗೇ ಮೀಸಲಾದ ಗೊಂಬೆ ತೊಟ್ಟಿ ಇದೆ. ಹತ್ತೊಂಬತ್ತನೇ ಶತಮಾನದ, ಇಪ್ಪತ್ತನೆಯದರ ಮೊದಲ ಭಾಗದ ಬೊಂಬೆಗಳು ಅಲ್ಲಿವೆ. ಜಂಬೂಸವಾರಿಯ ಚಿನ್ನದ ಅಂಬಾರಿ ವರ್ಷವಿಡೀ ಇರುವುದೂ ಅಲ್ಲೇ. ಅಂಬಾರಿ ಬೊಂಬೆಗಳ ಜೊತೆಗೆ ಇರುವುದು ನನಗೆ ಬಹಳ ಸರಿ ಅನ್ನಿಸುತ್ತದೆ.

ಪಟ್ಟದ ಗೊಂಬೆಯನ್ನು ಅಂಗಡಿಯಲ್ಲಿ ಕೊಳ್ಳಬಹುದಾ, ತವರಿನಿಂದಲೇ ಬರಬೇಕಾ?

ತವರಿನಿಂದ ಬರಬೇಕೆಂಬುದು ರೂಢಿ. ಮದುವೆಯಲ್ಲಿ ಮಗಳಿಗೆ ಕೊಟ್ಟು ಕಳಿಸುತ್ತಿದ್ದರು, ಅವಳು ತನ್ನ ಮಗಳಿಗೆ. ಹೀಗೆ ಅರಸನ ವಂಶ ಗಂಡುಮಕ್ಕಳಲ್ಲಿ ನಡೆದರೆ ಬೊಂಬೆ ಅರಸನ ವಂಶ ಹೆಣ್ಣುಮಕ್ಕಳಲ್ಲಿ ನಡೆಯುತ್ತದೆ. ನಮ್ಮ ಮನೆಯ ರಾಜ ನಮ್ಮಜ್ಜಿಯ ಜೊತೆ ಬಂದವನು. ಮೂಗು ಸವೆದಿದೆ, ಒಂದು ಕಣ್ಣು ಅಳಿಸಿಹೋಗಿ ನನ್ನ ತಂಗಿ ಕಾಡಿಗೆಯಲ್ಲಿ ಬರೆದಿದ್ದಳು, ಸ್ವಲ್ಪ ಮೆಳ್ಳಗಣ್ಣಾಯಿತು. ಹೊಸದು ತರೋಣವೆಂದರೆ ಯಾರೂ ಒಪ್ಪಲಿಲ್ಲ.

ಇಲ್ಲದವರು ಕೊಂಡುಕೊಳ್ಳಿ, ತಪ್ಪೇನಿಲ್ಲ. ಗಂಡುಮಕ್ಕಳು ಮಾತ್ರ ಇರುವ ಮನೆಯವರು ಸೊಸೆಗೆ ಕೊಡುತ್ತಾರೆ. ದತ್ತು ಎಂದುಕೊಳ್ಳಿ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ಬೊಂಬೆ ಮನೆಯಲ್ಲಿ ನವರಾತ್ರಿಗೆ ಮುಂಚೆ ನಾನಾ ಊರಿನ ಬೊಂಬೆ ಸಿಗುತ್ತವೆ. ಚನ್ನಪಟ್ಟಣ, ಕಿನ್ನಾಳಗಳ ಮರದ ಬೊಂಬೆಯೂ ಚೆನ್ನ. ಪ್ರತಿ ವರ್ಷ ಒಂದಾದರೂ ಹೊಸ ಬೊಂಬೆ ಸೇರಿಸುವುದು ವಾಡಿಕೆ.

ಮೆಟ್ಟಿಲು ಎಷ್ಟಿರಬೇಕು?

ಬೆಸಸಂಖ್ಯೆ. ಮೂರು, ಐದು, ಏಳು, ಒಂಬತ್ತು. ಜಾಗ ಇದ್ದಷ್ಟು.

ಮಕ್ಕಳಿಗೆ ಏನು ಕೊಡಬೇಕು?

ಚರಪು. ಈ ಪದ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಯ ಮಕ್ಕಳು ಗುಂಪು ಕಟ್ಟಿಕೊಂಡು 'ಗೊಂಬೆ ಕೂರ್ಸಿದ್ದೀರಾ?' ಎಂದು ಬಾಗಿಲಲ್ಲಿ ಕೂಗುತ್ತಿದ್ದರು. ಕೂರಿಸಿದ್ದರೆ ಒಳಗೆ ಬಂದು ಒಂದು ಹಾಡು ಹೇಳಿ, ಕೈಯಲ್ಲೋ ಲಂಗದ ಮಡಿಲಲ್ಲೋ ಚರಪು ಹಾಕಿಸಿಕೊಂಡು ಮುಂದಿನ ಮನೆಗೆ ಓಡುತ್ತಿದ್ದರು. ಕಡಲೆಕಾಳು ಉಸಲಿ, ಹುರಿಗಡಲೆ ಸಕ್ಕರೆ, ಕೋಡುಬಳೆ, ರವೆ ಉಂಡೆ, ಕೊಬ್ಬರಿ ಮಿಠಾಯಿ, ದಿನಕ್ಕೊಂದು. ಯಾವ ಮನೆಯಲ್ಲಿ ಯಾವ ದಿನ ಏನೆಂದು ನಮಗೆ ಪಂಚಾಂಗದಷ್ಟೇ ಖಚಿತವಾಗಿ ಗೊತ್ತಿತ್ತು. ಒಂದು ಮನೆಯಲ್ಲಿ ಒಂಬತ್ತು ದಿನವೂ ಬರೀ ಹುರಿಗಡಲೆ. ಅಲ್ಲಿಗೆ ಕೊನೆಗೆ ಹೋಗುತ್ತಿದ್ದೆವು, ಆದರೆ ಹೋಗುತ್ತಿದ್ದೆವು.

ಮೈಸೂರು ಪಾಕ್ ಕೊಡಬಹುದಾ ಎಂದು ಕೇಳುವವರಿಗೆ: ಧಾರಾಳವಾಗಿ. ನಾಲ್ವಡಿಯವರ ಊಟಕ್ಕೆ ಬಾಣಸಿಗ ಕಾಕಾಸುರ ಮಾದಪ್ಪ ಕಡಲೆಹಿಟ್ಟು, ತುಪ್ಪ, ಸಕ್ಕರೆ ಸೇರಿಸಿ ಮಾಡಿದ್ದೆಂಬ ಕಥೆ ಊರಿಗೆಲ್ಲ ಗೊತ್ತು.

ಅರಮನೆಯ ಆಯುಧಪೂಜೆಗೂ ನಮ್ಮದಕ್ಕೂ ಏನು ಸಂಬಂಧ?

ಅರಮನೆಯಲ್ಲಿ ಪಟ್ಟದ ಕತ್ತಿ ಮತ್ತು ಇತರ ಆಯುಧಗಳನ್ನು ಆವರಣದ ಕೋಡಿ ಸೋಮೇಶ್ವರ ದೇವಸ್ಥಾನಕ್ಕೆ ಒಯ್ದು ಶುಚಿ ಮಾಡಿ, ಪೂಜಿಸಿ ತರುತ್ತಾರೆ. ಆಮೇಲೆ ಕಲ್ಯಾಣ ಮಂಟಪದಲ್ಲಿ ಆಯುಧ, ಆನೆ, ಕುದುರೆ, ಕಾರುಗಳಿಗೂ ಪೂಜೆ. ಅದೇ ಕಲ್ಯಾಣ ಮಂಟಪದಲ್ಲಿ ಮನೆತನದ ಮದುವೆಗಳೂ ನಡೆಯುತ್ತವೆ. ಗೋಡೆಯ ಮೇಲೆ ನಾಲ್ವಡಿಯವರ ಕಾಲದ ದಸರಾ ಮೆರವಣಿಗೆಯ ಚಿತ್ರಗಳಿವೆ. ಒಂದೊಂದು ಮುಖವೂ ಬೇರೆ, ನೋಡಲು ಒಂದು ಗಂಟೆ ಇಟ್ಟುಕೊಳ್ಳಿ.

ನಮ್ಮಲ್ಲಿ ಕತ್ತಿಯಿಲ್ಲ. ಈಳಿಗೆಮಣೆ, ಸುತ್ತಿಗೆ, ಸ್ಕೂಟರು, ಲ್ಯಾಪ್‌ಟಾಪು. ಒಂದೇ ಕೋರಿಕೆ: ಒಡೆದ ಬೂದುಗುಂಬಳವನ್ನು ರಸ್ತೆ ನಡುವೆ ಬಿಟ್ಟು ಹೋಗಬೇಡಿ. ಸಂಜೆ ಹೊತ್ತಿಗೆ ಜಾರಿ ಬೀಳುವ ಬೈಕಿನವರು ಒಬ್ಬಿಬ್ಬರಲ್ಲ.

ವಜ್ರಮುಷ್ಟಿ ಕಾಳಗ ನೋಡಬಹುದಾ?

ಆಹ್ವಾನ ಇದ್ದರೆ. ವಿಜಯದಶಮಿ ಬೆಳಿಗ್ಗೆ ಅರಮನೆಯ ಒಳಗೆ, ತಲೆ ಬೋಳಿಸಿದ ಜಟ್ಟಿಗಳ ಎರಡು ಜೋಡಿ ಕೈಗೆ ಮುಷ್ಟಿಯಾಯುಧ ತೊಟ್ಟು ಕಾದಾಡುತ್ತವೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನದವರು. ನೆತ್ತಿಯಿಂದ ಮೊದಲ ಹನಿ ರಕ್ತ ಬಂದ ಕೂಡಲೇ ಮುಗಿಯಿತು, ಕೆಲವೊಮ್ಮೆ ಒಂದು ನಿಮಿಷವೂ ಇರುವುದಿಲ್ಲ. ಆನಂತರ ಒಡೆಯರು ಆವರಣದ ಭುವನೇಶ್ವರಿ ದೇವಸ್ಥಾನಕ್ಕೆ ವಿಜಯಯಾತ್ರೆ ಹೋಗಿ ಬನ್ನಿಪೂಜೆ ಮಾಡುತ್ತಾರೆ.

ಅಂಬಾರಿಯಲ್ಲಿ ಮಹಾರಾಜರು ಏಕೆ ಕೂರುವುದಿಲ್ಲ?

ಕೂರುತ್ತಿದ್ದರು. ಜಯಚಾಮರಾಜರು ಆನೆಯ ಮೇಲೆ ಹೋದದ್ದನ್ನು ಕಂಡವರು ಇನ್ನೂ ಊರಿನಲ್ಲಿದ್ದಾರೆ, ಕೇಳಿದರೆ ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ. 1971ರಲ್ಲಿ ಸಂವಿಧಾನ ತಿದ್ದುಪಡಿಯಿಂದ ರಾಜಧನ, ಬಿರುದು ಹೋದವು. ಆ ಹೊತ್ತಿನಿಂದ ಹಬ್ಬ ನಾಡಹಬ್ಬವಾಯಿತು, 750 ಕಿಲೋ ತೂಕದ ಅಂಬಾರಿಯಲ್ಲಿ ಚಾಮುಂಡೇಶ್ವರಿ ಕೂತಳು. ಮನೆಯ ಯಜಮಾನ ಇಳಿದ, ಮನೆದೇವರು ಏರಿದಳು. ಅರಮನೆಗೆ ಮುನಿಸು ಬಂದಿರಬಹುದು, ಆದರೆ ಇದಕ್ಕಿಂತ ಒಳ್ಳೆಯ ಉಪಾಯ ಯಾರಿಗೂ ಹೊಳೆಯುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅರಸರಿಗೆ ಕೈ ಮುಗಿಯದವರೂ ಅವಳಿಗೆ ಮುಗಿಯುತ್ತಾರೆ.

ಆನೆಗಳ ಬಗ್ಗೆ ಕೇಳಿದರೆ ಬೇರೆ ಪುಟವೇ ಬೇಕು. ಅಂಬಾರಿ ಹೊತ್ತವರು ಬಲರಾಮ, ಅರ್ಜುನ, 2020ರಿಂದ ಅಭಿಮನ್ಯು. ಅರ್ಜುನ 2023ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆಯ ಜೊತೆ ಕಾದಾಡಿ ಸತ್ತಾಗ ಊರು ಮನೆಯವರೇ ಹೋದಂತೆ ಅತ್ತಿತು.

ನವರಾತ್ರಿಯಲ್ಲಿ ಅರಮನೆ ನೋಡಲು ಬಿಡುತ್ತಾರಾ?

ಬಿಡುತ್ತಾರೆ, ಎಲ್ಲ ದಿನ ಅಲ್ಲ. ಪಾಡ್ಯ, ಆಯುಧಪೂಜೆ, ವಿಜಯದಶಮಿಗಳಂದು ಪ್ರವೇಶಕ್ಕೆ ನಿರ್ಬಂಧ ಇರುತ್ತದೆ. ಜೋಡಿಸಿದ ಸಿಂಹಾಸನವನ್ನು ಸಾರ್ವಜನಿಕರು ನೋಡಲು ಬೇರೆ ವ್ಯವಸ್ಥೆ ಮಾಡುತ್ತಾರೆ. ಆ ವರ್ಷದ ವೇಳಾಪಟ್ಟಿ ನೋಡಿಕೊಂಡೇ ಹೊರಡಿ. ಅಟೆಂಡರನ್ನು ಬೈದು ಪ್ರಯೋಜನವಿಲ್ಲ, ಅದು ಒಡೆಯರ ಮನೆಯ ಪೂಜೆಯ ಹೊತ್ತು.

ಜನಸಂದಣಿ ಆಗುವುದಿಲ್ಲ. ಬೇರೆ ಕಡೆ ನೋಡಬಹುದಾ?

ಶ್ರೀರಂಗಪಟ್ಟಣಕ್ಕೆ ಹೋಗಿ. ಕಿರಂಗೂರಿನ ಬನ್ನಿಮಂಟಪದಿಂದ ಅಲ್ಲೂ ಜಂಬೂಸವಾರಿ ಹೊರಡುತ್ತದೆ. ಮೂಲ ದಸರಾ ಅಲ್ಲಿಯದೇ ಎಂದು ಅಲ್ಲಿಯವರು ಬಿಡದೆ ಜ್ಞಾಪಿಸುತ್ತಾರೆ, ಅವರು ಹೇಳುವುದು ಸರಿ.

ನಾವು ಹೊರದೇಶದಲ್ಲಿದ್ದೇವೆ. ಬನ್ನಿ ಮರವಿಲ್ಲ, ರಜೆಯಿಲ್ಲ, ಜಾಗವಿಲ್ಲ. ಹೇಗೆ ಮಾಡುವುದು?

ಪುಸ್ತಕದ ಕಪಾಟಿನ ಮೂರು ಹಲಗೆ ಖಾಲಿ ಮಾಡಿ. ಮೇಲೆ ರಾಜ ರಾಣಿ, ಇಲ್ಲವಾದರೆ ಕಳಶ. ಕೆಳಗೆ ಮಕ್ಕಳ ಆಟಿಕೆಯೇ ಸಾಕು, ನನ್ನ ಮೊಮ್ಮಗ ಡೈನೋಸಾರ್‌ಗೆ ಅಂಬಾರಿ ಕಟ್ಟಿದ್ದಾನೆ. ಖಾಲಿಯಾದ ಪುಸ್ತಕಗಳನ್ನು ಸರಸ್ವತಿ ಪೂಜೆಗೆ ಇಡಿ. ವಾರದ ನಡುವೆ ಚರಪು ಮಾಡಲಾಗದಿದ್ದರೆ ಶನಿವಾರ ಒಟ್ಟಿಗೆ ಕರೆಯಿರಿ. ಪಾಡ್ಯದ ಸಂಜೆ ಒಂದು ಅರಿಶಿನದ ದಾರವನ್ನು ಮನೆಯವರೆಲ್ಲ ಕೈಗೆ ಕಟ್ಟಿಕೊಂಡರೆ ಮಕ್ಕಳಿಗೆ ಕಂಕಣದ ಕಥೆ ಹೇಳಲು ನೆಪ ಸಿಗುತ್ತದೆ. ಆ ಕಥೆ ಹೇಳುವಾಗ ನರಸರಾಜನ ಸಾವನ್ನು ಬಿಟ್ಟು ಹೇಳಬೇಡಿ. ಮಕ್ಕಳು ಅದನ್ನೇ ಮತ್ತೆ ಮತ್ತೆ ಕೇಳುತ್ತಾರೆ: ಆಮೇಲೆ ಆ ರಾಜ ಅತ್ತನಾ?

ಬೊಂಬೆ ಯಾವಾಗ ಎತ್ತಬೇಕು?

ವಿಜಯದಶಮಿ ರಾತ್ರಿ ಆರತಿಯಾದ ಮೇಲೆ ಪಟ್ಟದ ಗೊಂಬೆಗಳನ್ನು ಮಲಗಿಸಬೇಕು. ನಿಂತಲ್ಲೇ ಮೆಲ್ಲಗೆ ಅಡ್ಡ ಇಡುವುದು, ಅಷ್ಟೆ. ಮಾರನೆಯ ದಿನ ಮಿಕ್ಕವನ್ನು ಹಳೆ ಸೀರೆಯ ತುಂಡುಗಳಲ್ಲಿ ಸುತ್ತಿ, ನಡುವೆ ಲವಂಗವೋ ಒಣಗಿದ ಬೇವಿನೆಲೆಯೋ ಹಾಕಿ ಟ್ರಂಕಿಗೆ ತುಂಬಿ. ಮಣ್ಣಿನ ಬೊಂಬೆ ಮೇಲೆ, ಮರದ್ದು ಕೆಳಗೆ. ರಾಜ ರಾಣಿಯನ್ನು ಒಂದೇ ಬಟ್ಟೆಯಲ್ಲಿ, ಕೊನೆಗೆ. ಟ್ರಂಕಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ, ಯಾವ ಬೊಂಬೆ ಯಾರು ಯಾವ ವರ್ಷ ತಂದದ್ದು ಎಂದು. ನಮ್ಮ ಚೀಟಿಯಲ್ಲಿ ಮೊದಲ ಐದು ಸಾಲು ಅಜ್ಜಿಯ ಕೈಬರಹ.